ಮಷೀನು ನಿಲ್ಲುತ್ತಿದ್ದ ಜಾಗ

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ಅಕ್ಕನ ಸುದ್ದಿಯೇ ಇಲ್ಲವಲ್ಲ ಎಂದು ಮೂತಿ ಉಬ್ಬಿಸಿಕೊಂಡು ಕೂತಿರುತ್ತೀಯ, ಗೊತ್ತು. ನಿನ್ನ ಕಾಗದ ಬಂದು ಎಷ್ಟೋ ವಾರವಾಯಿತು. ನಾಳೆ ಬರೆದರಾಯಿತು ಎಂದುಕೊಳ್ಳುತ್ತಲೇ ದಿನ ತಳ್ಳಿದೆ, ಬೈಯುವುದಿದ್ದರೆ ಬೈದುಬಿಡು. ನಾನು ಚೆನ್ನಾಗಿದ್ದೇನೆ. ಮಂಡಿನೋವು ತನ್ನ ಪಾಡಿಗೆ ತಾನಿದೆ, ನಾನು ನನ್ನ ಪಾಡಿಗಿದ್ದೇನೆ. ನಿನ್ನ ಯಜಮಾನರ ಕಣ್ಣಿನ ಆಪರೇಷನ್ ಸುಸೂತ್ರವಾಯಿತು ಎಂದು ಓದಿ ನೆಮ್ಮದಿಯಾಯಿತು. ಇಷ್ಟು ವರ್ಷದ ಮೇಲೆ ನಿನ್ನ ಮುಖ ಸ್ಪಷ್ಟವಾಗಿ ಕಂಡು ಅವರು ಗಾಬರಿಯಾಗದಿದ್ದರೆ ಸಾಕು. ಫೋನಿದ್ದೂ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಾದರೆ ಮಾತೆಲ್ಲ ನಿನ್ನದೇ ಆಗುತ್ತದೆ.

ನಮ್ಮ ಮನೆಗೆ ಹೊಸಬರಿಬ್ಬರು ಬಂದಿದ್ದಾರೆ. ಒಬ್ಬ ಕಸ ಗುಡಿಸುವವನು. ಮಗಳು ತಂದಿಟ್ಟು ಹೋದಳು. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ತಾನೇ ಮನೆಯೆಲ್ಲ ಸುತ್ತಿ ಧೂಳು ಹೀರಿಕೊಳ್ಳುತ್ತದೆ. ನಾನು ಅದನ್ನು ಆಮೆ ಎಂದು ಕರೆಯುತ್ತೇನೆ. ಮೊದಮೊದಲು ಕಾಲು ಮೇಲೆತ್ತಿ ಕುರ್ಚಿಯ ಮೇಲೆ ಕೂರುತ್ತಿದ್ದೆ. ಈಗ ಸಲಿಗೆ ಬೆಳೆದಿದೆ, ಅಡ್ಡ ಬಂದರೆ ಗದರಿಸುತ್ತೇನೆ. ಎಲ್ಲ ಕೋಣೆ ಮುಗಿಸಿ ಕೊನೆಗೆ ನಿನ್ನ ಭಾವನ ಹೊಲಿಗೆ ಮಷೀನಿನ ಪೆಡಲಿನ ಕೆಳಗೆ ಸಿಕ್ಕಿಕೊಂಡು ಕೀಂ ಕೀಂ ಎಂದು ಅಳುತ್ತದೆ.

"ಅಮ್ಮ, ಆ ಮಷೀನನ್ನ ಒಳಗಿಟ್ಟುಬಿಡೋಣ. ಈಗ ಯಾರು ತುಳೀತಾರೆ ಅದನ್ನ?" ಎಂದಳು ಮಗಳು.

"ಅಪ್ಪ ತುಳಿದಿದ್ದಕ್ಕೇ ನೀನು ಓದಿದ್ದು. ಬೇಕಿದ್ರೆ ನಿನ್ನ ಆಮೆನೇ ಸುತ್ತಿ ಬಳಸಿ ಹೋಗ್ಲಿ" ಎಂದೆ.

ಇನ್ನೊಬ್ಬನು ಹೊಸ ಫೋನು. ನಾನು ಮಾತಾಡಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ. ಹಾಲಿನವನ ಜೊತೆ ನಾನು ಆಡಿದ ಜಗಳವನ್ನು ಒಂದಕ್ಷರ ಬಿಡದೆ ಬರೆದುಕೊಂಡು ಅಳಿಯನಿಗೆ ಕಳಿಸಿಬಿಟ್ಟಿತು! "ಅತ್ತೆ, ನಾನೇನ್ ನೀರು ಬೆರೆಸಿದೆ?" ಎಂದು ಅವನು ಹೆದರಿಕೊಂಡು ಫೋನು ಮಾಡಿದ. ಬೆಳಗ್ಗೆ ಟೀ ಕುಡಿಯುವಾಗ ಅದು ನನಗೆ ಸುದ್ದಿ ಓದಿ ಹೇಳುತ್ತದೆ. ಆಕಾಶದಲ್ಲೆಲ್ಲೋ ಕಲ್ಪನೆಗೂ ನಿಲುಕದಷ್ಟು ದೂರದಲ್ಲಿರುವ ಕಪ್ಪುಕುಳಿಯ ಅಲೆಗಳನ್ನು ವಿಜ್ಞಾನಿಗಳು ನಮ್ಮ ಕಿವಿಗೆ ಕೇಳುವ ಹಾಗೆ ಮಾಡಿದ್ದಾರಂತೆ. ನಾನೂ ಕೇಳಿದೆ. ಖಾಲಿ ಹಂಡೆಯೊಳಗೆ ಯಾರೋ ನರಳಿದ ಹಾಗಿತ್ತು. ನಿನ್ನ ಭಾವ ಇದ್ದಿದ್ದರೆ, "ಅಷ್ಟು ದೂರದ್ದು ಕೇಳ್ಸುತ್ತೆ, ಬಾಗಿಲಲ್ಲಿ ಗಿರಾಕಿ ಕೂಗಿದ್ದು ಮಾತ್ರ ನಿನಗೆ ಕೇಳ್ಸಲ್ಲ" ಎನ್ನುತ್ತಿದ್ದರು. ಆ ಯೋಚನೆ ಬಂದದ್ದೇ ತಡ, ಟೀ ಅಲ್ಲೇ ಬಿಟ್ಟು ಎದ್ದು ಬೀರು ಹುಡುಕಿದೆ. ನಮ್ಮ ಕ್ಯಾಸೆಟ್ಟು ಸಿಕ್ಕಿತು.

ನೆನಪಿದೆಯಲ್ಲ? ನಿನ್ನನ್ನು ಮದುವೆ ಮಾಡಿ ಅಷ್ಟು ದೂರ ಕಳಿಸಿದ ಮೇಲೆ ನಮ್ಮಿಬ್ಬರಿಗೂ ಅದೊಂದೇ ಕ್ಯಾಸೆಟ್ಟು. ಒಂದು ಮಗ್ಗುಲು ನನ್ನದು, ಇನ್ನೊಂದು ನಿನ್ನದು. ನೀನು ಕಳಿಸಿದ್ದನ್ನು ಕೇಳಿ, ನನ್ನ ಮಗ್ಗುಲಿನ ಹಳೇ ಮಾತಿನ ಮೇಲೆ ಹೊಸ ಮಾತು ತುಂಬಿ ಅಂಚೆಗೆ ಹಾಕುತ್ತಿದ್ದೆ. ನೀನೂ ಹಾಗೇ. ಒಂದು ಸಲ ಮಾತ್ರ ನೀನು ಅದನ್ನು ಕಳೆದೆ ಎಂದು ಹೇಳಿ ಹೊಸದು ಕೊಂಡೆ, ನಾನು ಚೆನ್ನಾಗಿ ಬೈದಿದ್ದೆ. ಆಮೇಲೆ ನಮ್ಮ ಮನೆಗೆ ಫೋನು ಬಂತು, ಕ್ಯಾಸೆಟ್ಟು ನನ್ನ ಹತ್ತಿರವೇ ಉಳಿಯಿತು.

ನಿನ್ನ ಭಾವ ಅದರಲ್ಲಿ ಒಂದು ಮಾತೂ ಆಡಿದವರಲ್ಲ. ಊರಿಗೆಲ್ಲ ಬಟ್ಟೆ ಹೊಲಿದ ಮನುಷ್ಯ, ರೆಕಾರ್ಡರು ಕಂಡರೆ ತುಟಿ ಹೊಲಿದುಕೊಳ್ಳುತ್ತಿದ್ದರು. "ಭಾವನಿಗೆ ಹೇಳು, ಒಂದರ್ಧ ಗಂಟೆ ಮಷೀನು ನಿಲ್ಲಿಸಲಿ. ನಿನ್ನ ಮಾತೇ ಕೇಳಿಸ್ತಿಲ್ಲ" ಎಂದು ನೀನು ಪ್ರತಿ ಸಲ ಗೊಣಗುತ್ತಿದ್ದೆ. ಅವರು ನಿಲ್ಲಿಸುತ್ತಿದ್ದುದು ಒಂದೇ ಕಾರಣಕ್ಕೆ. ನಾನು ನಿನಗೆ ಸುಳ್ಳು ಹೇಳಿದಾಗ! ಎದುರಿಗೆ ಸಿದ್ಧ ಉಡುಪಿನ ಅಂಗಡಿ ತೆರೆದು ನಮ್ಮ ಗಿರಾಕಿಗಳೆಲ್ಲ ಅತ್ತ ಹೋದ ವರ್ಷ, ಕೊನೆಯ ಸಲ ಕ್ಯಾಸೆಟ್ಟು ತುಂಬುವಾಗ ನಾನು "ಇಲ್ಲಿ ಎಲ್ಲ ಚೆನ್ನಾಗಿದೆ" ಎಂದೆ. ಹಿಂದಿನ ಟಕಟಕ ಥಟ್ಟನೆ ನಿಂತಿತು. ನಾನು ಬೇರೆ ಮಾತು ಎತ್ತಿದ ಮೇಲೆ ಮೆಲ್ಲಗೆ ಶುರುವಾಯಿತು. ಜಾಣೆ ನೀನು, ಅಷ್ಟರಲ್ಲೇ ತಿಳಿದುಕೊಂಡೆ.

ಅಳಿಯ ಎಲ್ಲಿಂದಲೋ ಒಂದು ಹಳೇ ರೆಕಾರ್ಡರು ತಂದು, ರಿಪೇರಿ ಮಾಡಿಸಿ, ನನ್ನ ಮಗ್ಗುಲನ್ನು ಫೋನಿಗೆ ಇಳಿಸಿಕೊಟ್ಟ. ಎಲ್ಲರೂ ಕೂತು ಸ್ವಲ್ಪ ಕೇಳಿದೆವು. ಅಯ್ಯೋ, ಏನು ದನಿ ನನ್ನದು! ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ಮಗಳು ಚಪ್ಪಾಳೆ ತಟ್ಟಿದಳು. ನಾನೂ ಹಿಗ್ಗಿಹೋದೆ.

ಮಾರನೇ ದಿನ ಒಬ್ಬಳೇ ಮುಂದಿನ ಕೋಣೆಯಲ್ಲಿ, ಮಷೀನಿನ ಪಕ್ಕ ಕೂತು ಮೊದಲಿಂದ ಕೇಳಿದೆ. "ಇಲ್ಲಿ ಎಲ್ಲ ಚೆನ್ನಾಗಿದೆ" ಎಂಬಲ್ಲಿಗೆ ಬಂದಾಗ ಫೋನನ್ನು ಕಿವಿಗೊತ್ತಿಕೊಂಡೆ. ಏನೂ ನಿಲ್ಲಲಿಲ್ಲ. ನಿಲ್ಲುವುದಕ್ಕೆ ಏನೂ ಇರಲೇ ಇಲ್ಲ. ಮೊದಲಿಂದ ಕೊನೆಯವರೆಗೆ ನಾನೊಬ್ಬಳೇ ವಟವಟ ಎನ್ನುತ್ತಿದ್ದೇನೆ, ಖಾಲಿ ಮನೆಯಲ್ಲಿ.

ಅಳಿಯನಿಗೆ ಫೋನು ಮಾಡಿದೆ. "ಹಿಂದೆ ಏನೋ ಗದ್ದಲ ಇತ್ತು ಅತ್ತೆ. ಅದನ್ನ ತೆಗೆಯೋಕೆ ಈಗ ಸಾಫ್ಟ್‌ವೇರ್ ಬಂದಿದೆ. ನಿಮ್ಮ ದನಿ ಒಂದನ್ನೇ ಉಳಿಸಿ ಮಿಕ್ಕಿದ್ದು ಅಳಿಸಿಬಿಡುತ್ತೆ" ಎಂದ. ಅದು ಮಾವನ ಮಷೀನು ಕಣಪ್ಪ ಎಂದೆ. ಗದ್ದಲ ತೆಗೆಯುವ ಮೊದಲು ಇಳಿಸಿದ್ದನ್ನು ಅವನು ಇಟ್ಟುಕೊಂಡಿರಲಿಲ್ಲ. "ಕ್ಯಾಸೆಟ್ ಇದೆಯಲ್ಲ, ಮತ್ತೆ ಮಾಡಿಕೊಡ್ತೀನಿ. ಈ ಸಲ ಏನೂ ಮುಟ್ಟಲ್ಲ" ಎಂದ. ನಿಧಾನಕ್ಕೆ ಮಾಡುವೆಯಂತೆ, ಅವಸರವೇನಿಲ್ಲ ಎಂದೆ. ಅವನ ಮೇಲಾಗಲಿ ಆ ಸಾಫ್ಟ್‌ವೇರಿನ ಮೇಲಾಗಲಿ ನನಗೆ ಸಿಟ್ಟಿಲ್ಲ. ಗದ್ದಲ ಎಂದು ಅದಕ್ಕಿಂತ ಮೊದಲು ಹೇಳಿದವಳು ನೀನೇ ಅಲ್ಲವೇ?

ಆಮೆ ಮತ್ತೆ ಕೂಗುತ್ತಿದೆ. ಹೋಗಿ ಬಿಡಿಸಬೇಕು. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಯಜಮಾನರಿಗೆ ಕಣ್ಣಿಗೆ ಧೂಳು ತಾಗದ ಹಾಗೆ ನೋಡಿಕೊಳ್ಳಲು ಹೇಳು. ನೀನು ತಣ್ಣಗಿರು ಗುಬ್ಬಿ, ನಿನ್ನ ಬಾಯಿಯೂ ಹೀಗೇ ಗಟ್ಟಿಯಾಗಿರಲಿ.

ಇಂತಿ ನಿನ್ನ
ಅಕ್ಕ

ಮತ್ತೆ: ಒಂದು ವಿಷಯ ಬಿಟ್ಟಿದ್ದೇನೆ. ಬರೆಯಲು ಕೈ ಬರಲಿಲ್ಲ. ಆವತ್ತು ಎಲ್ಲರೂ ಕೂತು ಕೇಳಿ ಹೊರಟ ಮೇಲೆ ರೆಕಾರ್ಡರು ಎದುರಿಗೇ ಇತ್ತು. ಖುಷಿ ತಡೆಯಲಾಗಲಿಲ್ಲ. ಫೋನಿಗೆ ಬಂದಾಯಿತಲ್ಲ ಎಂಬ ಧೈರ್ಯ ಬೇರೆ. ಹಳೇ ಕಾಲದ ಹಾಗೆ ಗುಬ್ಬಿಗೊಂದು ಕ್ಯಾಸೆಟ್ಟು ಕಳಿಸೋಣ ಎಂದು ನನ್ನ ಮಗ್ಗುಲು ಹಾಕಿ, ರೆಕಾರ್ಡು ಮಾಡುವ ಎರಡೂ ಗುಂಡಿ ಒಟ್ಟಿಗೆ ಒತ್ತಿ, ಟೇಪು ಮುಗಿಯುವವರೆಗೂ ಆಮೆಯ ಕಥೆ ಹೇಳಿದೆ. ಆ ಸಾಫ್ಟ್‌ವೇರು ಕೆಡಿಸಿದ್ದು ನಕಲನ್ನು. ಅಸಲನ್ನು ಅಳಿಸಿದವಳು ನಾನು. ಮಗಳಿಗೆ, ಅಳಿಯನಿಗೆ ಇನ್ನೂ ಹೇಳಿಲ್ಲ. ನಿನ್ನ ಮಗ್ಗುಲು ಹಾಗೇ ಇದೆ. ಅದರಲ್ಲಿ ನೀನು, "ಅಕ್ಕ, ಮಷೀನು ಯಾಕೆ ನಿಂತಿತು, ನಿಜ ಹೇಳು" ಎಂದು ಕೇಳುತ್ತಿದ್ದೀಯ.

ಅಂದು ಕ್ಯಾಸೆಟ್ಟು ಕಳೆದೆ ಎಂದೆಯಲ್ಲ, ನಾನು ನಂಬಿರಲಿಲ್ಲ. ನೀನು ವಸ್ತು ಕಳೆಯುವವಳಲ್ಲ. ತವರಿನ ನೆನಪಿಗೆ ಮುಚ್ಚಿಟ್ಟುಕೊಂಡಿದ್ದೀಯ ಎಂದು ಆಗಲೇ ಅನುಮಾನವಿತ್ತು. ಅದು ನಿಜವಾಗಿರಲಿ ಎಂದು ಈಗ ಬೇಡಿಕೊಳ್ಳುತ್ತಿದ್ದೇನೆ. ಇದ್ದರೆ ಹೇಗಿದೆಯೋ ಹಾಗೇ ಕಳಿಸು, ಯಾರ ಕೈಗೂ ಕೊಡಬೇಡ. ಈ ಕಾಗದದ ಮೊದಲಿಗೆ ನಾನು ಚೆನ್ನಾಗಿದ್ದೇನೆ ಎಂದು ಬರೆದಿದ್ದೇನೆ. ಅವರಿದ್ದಿದ್ದರೆ ಅಲ್ಲಿ ಮಷೀನು ನಿಲ್ಲುತ್ತಿತ್ತು.