ನ್ಯಾಮತಿಯಲ್ಲಿ ಒತ್ತಿದ ಗುಂಡಿಗೆ ಹೊನ್ನಾಳಿಯಲ್ಲಿ ಉತ್ತರ

ನಿಲ್ದಾಣ ಸುರಕ್ಷತಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಹೇಳಿದ್ದೇನು, ನಮಗೆ ಸಿಕ್ಕಿದ್ದೇನು ಎಂಬುದನ್ನು ಮೊದಲು ನೆಟ್ಟಗೆ ಬರೆದುಬಿಡುತ್ತೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರುಗಳ ಬಸ್ ನಿಲ್ದಾಣಕ್ಕೆ ಒಂದೊಂದು ಕಂಬ ಕೊಡುತ್ತೇವೆ ಎಂದಿರಿ, ಕೊಟ್ಟಿರಿ. ಕಂಬದಲ್ಲಿ ಕ್ಯಾಮೆರಾ, ಮೈಕು, ಸ್ಪೀಕರ್, ಕೆಂಪು ಗುಂಡಿ ಇರುತ್ತವೆ ಎಂದಿರಿ, ಇವೆ. ಆಪತ್ತಿನಲ್ಲಿರುವ ಹೆಣ್ಣುಮಗಳು ಗುಂಡಿ ಒತ್ತಿ ಹಿಡಿದು ಕೂಗಿದರೆ ನಿಯಂತ್ರಣ ಕೊಠಡಿಗೆ ಕೇಳಿಸುತ್ತದೆ ಎಂದಿರಿ, ಕೇಳಿಸಿತು. ಅಲ್ಲಿಂದ ಅವಳಿಗೆ ಉತ್ತರ ಬರುತ್ತದೆ ಎಂದಿರಿ, ಬರಲಿಲ್ಲ. ಹತ್ತಿರದ ಸಿಬ್ಬಂದಿ ಓಡಿ ಬರುತ್ತಾರೆ ಎಂದಿರಿ, ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ, ಉತ್ತರ ಕೊಟ್ಟಾಗಿದೆ ಎಂದು ಬರೆದು ಕಳಿಸಿದಿರಿ.

ನಿಮ್ಮ ಪತ್ರದ ಸಾಲು ನನಗೆ ಬಾಯಿಪಾಠವಾಗಿದೆ. "ಸದರಿ ಕರೆಗೆ ತಕ್ಷಣವೇ ಸ್ಪಂದಿಸಲಾಗಿದೆ. ಸ್ಥಳ: ಹೊನ್ನಾಳಿ. ಷರಾ: ಅನಗತ್ಯ ಕರೆ." ಸುಳ್ಳು ಎಂದು ಹೇಳಲಾರೆ. ಸ್ಪಂದಿಸಿದ್ದೀರಿ, ತಕ್ಷಣವೇ ಸ್ಪಂದಿಸಿದ್ದೀರಿ. ಯಾರಿಗೆ ಎಂಬುದೊಂದನ್ನೇ ಕೇಳುತ್ತಿದ್ದೇನೆ.

ಗಂಗೋತ್ರಿ ಗೋವಿನಕೋವಿಯವಳು. ನ್ಯಾಮತಿಯ ಟೈಲರ್ ಅಂಗಡಿಯೊಂದರಲ್ಲಿ ರವಿಕೆ ಕತ್ತರಿಸುತ್ತಿದ್ದಳು. ಅವಳನ್ನೇ ಮದುವೆಯಾಗುತ್ತೇನೆಂದು ಒಬ್ಬ ಹಿಂದೆ ಬಿದ್ದಿದ್ದ. ಪ್ರಕರಣ ನ್ಯಾಯಾಲಯದಲ್ಲಿರುವುದರಿಂದ ಅವನ ಹೆಸರು ಬರೆಯುವುದಿಲ್ಲ. ಶ್ರಾವಣದ ಒಂದು ಸಂಜೆ, ಊರಿನ ಬಸ್ಸಿಗೆ ಕಾಯುತ್ತಿದ್ದವಳ ಮುಂದೆ ಅವನು ಕುಡುಗೋಲು ಹಿಡಿದು ಬಂದ. ಹತ್ತು ಹೆಜ್ಜೆಯಲ್ಲಿ ಹೋಟೆಲಿತ್ತು, ಒಳಗೆ ಜನ ಇದ್ದರು. ಓಡಿ ಒಳಗೆ ಸೇರಬಹುದಿತ್ತು. ಗಂಗೋತ್ರಿ ಓಡಲಿಲ್ಲ. ಕಂಬದ ಹತ್ತಿರ ಹೋಗಿ ಗುಂಡಿ ಒತ್ತಿದಳು.

ಯಾಕೆಂದರೆ ನೀವು ಹಾಗೆ ಕಲಿಸಿದ್ದಿರಿ. ನಿಮ್ಮವರೇ ಬಂದು, ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಕಂಬದ ಸುತ್ತ ನಿಲ್ಲಿಸಿ, ತರಬೇತಿ ಕೊಟ್ಟಿದ್ದರು. ಒತ್ತಿ, ಹೇಳಿ, ಅಲ್ಲೇ ನಿಲ್ಲಿ. ಗುಂಡಿಯ ಮೇಲೆ ಹಳದಿ ಚೀಟಿ ಅಂಟಿಸಿದ್ದೀರಲ್ಲ, "ಉತ್ತರ ಬರುವವರೆಗೆ ಸ್ಥಳ ಬಿಡಬೇಡಿ" ಎಂದು. ಅವಳು ಬಿಡಲಿಲ್ಲ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮೈಕು ಕೇಳಿಸಿಕೊಳ್ಳುತ್ತದೆ ಎಂದೂ ಹೇಳಿಕೊಟ್ಟಿದ್ದಿರಿ. ಅವನು ಕೈ ಎಳೆದು ಬಿಡಿಸುವವರೆಗೂ ಒತ್ತಿಯೇ ಹಿಡಿದಿದ್ದಳು. ಆಮೇಲೆ ಸ್ಪೀಕರ್ ಕಡೆ ಮುಖ ಎತ್ತಿ ನಿಂತಳು. ಶಿವಮೊಗ್ಗದ ಬಸ್ಸಿನಿಂದ ಇಳಿದ ಜನ ಅವನನ್ನು ಕೆಡವುವ ಹೊತ್ತಿಗೆ, ಕುಡುಗೋಲಿನ ಅಲುಗು ಹಿಡಿದಿದ್ದ ಅವಳ ಬಲ ಅಂಗೈ ಸೀಳಿಹೋಗಿತ್ತು. ಕತ್ತರಿ ಹಿಡಿಯುವ ಕೈ.

"ಅಕ್ಕ, ಅದು ಏನಾದ್ರೂ ಅಂತದೆ ಅಂತ ನೋಡ್ತಿದ್ದೆ," ಎಂದಳು ಆಸ್ಪತ್ರೆಯಲ್ಲಿ.

ಸ್ಪೀಕರ್ ಕೆಟ್ಟಿರಬೇಕು ಎಂದುಕೊಂಡೆವು. ಈ ಜಿಲ್ಲೆಯಲ್ಲಿ ಕೆಟ್ಟಿರುವುದಕ್ಕೆ ನಾವು ಆಶ್ಚರ್ಯಪಡುವುದನ್ನು ಬಿಟ್ಟು ಬಹಳ ಕಾಲವಾಯಿತು. ದೂರು ಬರೆದೆವು, ನಿಮ್ಮ ಆ ಪತ್ರ ಬಂತು. ಹೊನ್ನಾಳಿ ಎಂದು ಯಾಕೆ ಬರೆದಿದ್ದಾರೆ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಟೈಪು ಮಾಡಿದವರ ತಪ್ಪು ಎಂದುಕೊಂಡೆವು.

ನಂತರ ಕಂಬದ ಮೇಲಿನ ದೂರಿಗೆ ಸಹಿ ಸಂಗ್ರಹಿಸಲೆಂದು ಹೊನ್ನಾಳಿಗೆ ಹೋದೆ. ನಿಲ್ದಾಣದಲ್ಲಿ, ನಿಮ್ಮ ಕಂಬದ ಬುಡದಲ್ಲೇ, ಮೂಕಮ್ಮ ಎಂಬ ಹಿರಿಯಾಕೆ ಹುರಿದ ಶೇಂಗಾ ಮಾರುತ್ತಾರೆ. ಹೆಬ್ಬೆಟ್ಟು ಒತ್ತಿ, "ಈ ಡಬ್ಬದ ಮ್ಯಾಲೆ ದೂರೇನಕ್ಕ? ಇದು ಚಲೋ ಐತೆ. ನನ್ ಸಂಗಾಟ ಮಾತಾಡೇತಿ," ಎಂದರು.

"ಏನಂತ ಮಾತಾಡ್ತು?"

"ಅವತ್ತೊಂದಿನ ಸಂಜಿಮುಂದ ಶೇಂಗಾ ಹುರೀತಿದ್ದೆ. ತಾಯಿ ಹೆದರಬ್ಯಾಡ್ರಿ, ನಾವದೀವಿ ಅಂತು. ನಾನ್ಯಾಕೆ ಹೆದರ್ಲಿ? ಸುತ್ತ ಇದ್ದೋರೆಲ್ಲ ನಕ್ರು. ಏ ಮೂಕಜ್ಜಿ, ನಿನಗೆ ಸರ್ಕಾರದೋರು ಧೈರ್ಯ ಹೇಳ್ತಾರೆ ಅಂತ. ಆಮ್ಯಾಲೆ ಅದು, ತಾಯಿ ಎಲ್ಲಿದೀರಿ, ಕ್ಯಾಮೆರಾ ಮುಂದೆ ಬರ್ರಿ ಅಂತು. ಪಾಪ, ಕರೀತೈತಲ್ಲ ಅಂತ ಎದ್ದು ಹೋಗಿ ನಿಂತೆ."

"ನಿಂತು?"

"ಏನೂ ತೊಂದ್ರೆ ಇಲ್ವಾ ಅಂತ ಕೇಳ್ತು. ಏನಿಲ್ಲಪ್ಪ ಅಂತ ಹಿಂಗೆ ಕೈ ಆಡಿಸ್ದೆ. ಸುಮ್ಕಾತು."

ಯಾವತ್ತು ಎಂದು ಕೇಳಿದೆ. ಶ್ರಾವಣದ ಎರಡನೇ ಸೋಮವಾರ, ಉಪವಾಸ ಇದ್ದೆ, ಅದಕ್ಕೇ ನೆನಪೈತೆ ಎಂದರು. ಅದೇ ದಿನ, ಅದೇ ಹೊತ್ತು. ಗಂಗೋತ್ರಿಯ ವಿಷಯ ಹೇಳಿದೆ. ಮೂಕಮ್ಮ ಶೇಂಗಾ ಅಳೆಯುವ ಪಾವನ್ನು ಕೆಳಗಿಟ್ಟರು. ಆಮೇಲೆ ತಮ್ಮ ಬಲಗೈಯನ್ನೇ ನೋಡುತ್ತಾ, "ನಾನು ಕೈ ಆಡಿಸ್ದೇ ಇದ್ದಿದ್ರೆ ಆ ಮಗೀನ ಕೈ ಉಳೀತಿತ್ತೇನಕ್ಕ?" ಎಂದು ಕೇಳಿದರು.

ಮಾನ್ಯರೇ, ಈ ಪ್ರಶ್ನೆಯನ್ನು ನಿಮ್ಮ ಪೈಕಿ ಒಬ್ಬರೂ ಕೇಳಲಿಲ್ಲ. ಶೇಂಗಾ ಮಾರುವ ಮುದುಕಿ ಕೇಳಿದರು. ಆಗ ನನಗೆ ಸಿಟ್ಟು ಬರಬೇಕಿತ್ತು. ತಾಲ್ಲೂಕು ಕಚೇರಿಗಳ ಮುಂದೆ ಬಿಸಿಲಲ್ಲಿ ಕೂತು, ಧಿಕ್ಕಾರ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡವಳು ನಾನು. ಸಿಟ್ಟು ಬರಲಿಲ್ಲ. ಶೇಂಗಾ ಪೊಟ್ಟಣ ಇಸಿದುಕೊಂಡು ಬಸ್ಸು ಹತ್ತಿದೆ. ಈಗಲೂ ಬಂದಿಲ್ಲ. ಬಂದಾಗ ತಿಳಿಸುತ್ತೇನೆ.

ಕಂಬ ನಿಲ್ಲಿಸಿದ ಗುತ್ತಿಗೆದಾರರ ಕಡೆಯ ರೇಣುಕಪ್ರಸಾದ್ ಎಂಬ ಹುಡುಗನನ್ನು ಹುಡುಕಿ ಕೇಳಿದೆವು. ಮುಚ್ಚಿಡಲಿಲ್ಲ, ಪಾಪ. ನಾಲ್ಕು ಕಂಬಗಳೂ ಒಂದೇ ಜಾಲದಲ್ಲಿವೆ, ಪ್ರತಿಯೊಂದಕ್ಕೂ ಒಂದು ಹೆಸರು ಕೊಡಬೇಕು, ಮನೆಗೆ ಬಾಗಿಲ ನಂಬರ್ ಇದ್ದಹಾಗೆ. ಗುಂಡಿ ಒತ್ತಿದಾಗ ಕೊಠಡಿಯ ಪರದೆಯಲ್ಲಿ ಆ ಹೆಸರು ಮೂಡುತ್ತದೆ, ಆ ಹೆಸರಿನ ಕ್ಯಾಮೆರಾ ತೆರೆಯುತ್ತದೆ, ಆ ಹೆಸರಿನ ಸ್ಪೀಕರಿಗೆ ಉತ್ತರ ಹೋಗುತ್ತದೆ.

"ಸಮಿತಿಯೋರು ಕೊಟ್ಟ ತಾಲ್ಲೂಕು ಪಟ್ಟಿನಾಗೆ ನ್ಯಾಮತಿನೇ ಇರ್ಲಿಲ್ಲ ಮೇಡಂ. ಹಳೇ ಪಟ್ಟಿ. ಏನ್ ಮಾಡಾಕೆ ಬರ್ತದೆ? ಹೊನ್ನಾಳಿ ಎರಡು ಅಂತ ಹಾಕಿದ್ವಿ. ಹೊನ್ನಾಳಿ ಅಂತ ಬಂದಿದ್ದೆಲ್ಲ ಮೊದಲನೇ ಕಂಬಕ್ಕೇ ಹೋಗ್ತೈತೆ ಅಂತ ಆಮೇಲೆ ಗೊತ್ತಾತು."

"ಹಾಕಿದ ಮೇಲೆ ಒತ್ತಿ ನೋಡ್ಲಿಲ್ಲೇನಪ್ಪ?"

"ನೋಡಿದ್ವಿ. ಕೊಠಡಿನಾಗೆ ದೀಪ ಹತ್ತಿತು. ಓಕೆ ಅಂದ್ರು. ಮುಂದಿನ ಊರಿಗೆ ಹೋದ್ವಿ."

"ಉತ್ತರ ಎಲ್ಲಿ ಬರ್ತದೆ ಅಂತ?"

"ಅದನ್ನ ನೋಡ್ರಿ ಅಂತ ಯಾರೂ ಹೇಳ್ಲಿಲ್ಲ ಮೇಡಂ."

ಗಮನಿಸಿ. ನಿಮ್ಮ ಕೋಣೆಯಲ್ಲಿ ದೀಪ ಹತ್ತಿದರೆ ಪರೀಕ್ಷೆ ಮುಗಿಯಿತು. ಕಂಬದ ಕೆಳಗೆ ನಿಂತವಳ ಕಿವಿಗೆ ಏನು ಬಿತ್ತು ಎಂಬುದು ಪರೀಕ್ಷೆಯ ಭಾಗವೇ ಅಲ್ಲ. ನ್ಯಾಮತಿಯನ್ನು ಹೊನ್ನಾಳಿಯಿಂದ ಬೇರೆ ಮಾಡಿ ತಾಲ್ಲೂಕು ಮಾಡಿಸಲು ಈ ಭಾಗದ ಜನ ಎಷ್ಟು ಓಡಾಡಿದ್ದಾರೆ ಎಂಬುದು ನಿಮಗೆ ಗೊತ್ತು. ತಾಲ್ಲೂಕಾಯಿತು, ಬೋರ್ಡು ಬಂತು, ತಹಶೀಲ್ದಾರರು ಬಂದರು. ನಮ್ಮ ಪಹಣಿಯಲ್ಲಿದೆ, ನಮ್ಮ ಪಡಿತರ ಚೀಟಿಯಲ್ಲಿದೆ. ಹೆಣ್ಣುಮಗಳು ಕೂಗಿಕೊಂಡಾಗ ನೋಡುವ ನಿಮ್ಮ ಪಟ್ಟಿಯೊಂದರಲ್ಲಿ ಇಲ್ಲ.

ಉದ್ಘಾಟನೆಯ ದಿನ ಮಾತ್ರ ನಾಲ್ಕೂ ಸ್ಪೀಕರುಗಳು ಚೆನ್ನಾಗಿ ಮಾತಾಡಿದವು. ನೀವು ಚನ್ನಗಿರಿಯಲ್ಲಿ ನಿಂತು ಮಾಡಿದ ಭಾಷಣ ನ್ಯಾಮತಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಗಂಗೋತ್ರಿಯೂ ಕೇಳಿ ಚಪ್ಪಾಳೆ ತಟ್ಟಿದ್ದಳು, ಎರಡೂ ಕೈಯಿಂದ. ಅವತ್ತು ಯಾಕೆ ಕೇಳಿಸಿತು ಎಂದು ರೇಣುಕಪ್ರಸಾದನನ್ನು ಕೇಳಿದೆ. ಎಲ್ಲದಕ್ಕೂ ಒಟ್ಟಿಗೆ ಬಿಡುವಾಗ ಹೆಸರು ಬೇಕಾಗುವುದಿಲ್ಲವಂತೆ. ಅಂದರೆ ಎಲ್ಲರಿಗೂ ಭಾಷಣ ಮಾಡಲು ವಿಳಾಸ ಬೇಡ, ಒಬ್ಬಳಿಗೆ ಉತ್ತರ ಕೊಡಲು ವಿಳಾಸ ಬೇಕು. ಯಂತ್ರ ನಿಮ್ಮ ಆಡಳಿತವನ್ನು ಇಷ್ಟು ಬೇಗ ಕಲಿತದ್ದು ಹೇಗೆ?

ಜಗಳೂರಿನಲ್ಲೂ ಯಂತ್ರ ಸರಿಯಾಗಿಯೇ ಇದೆ. ಬಿಳಿಚೋಡಿನ ರಂಗಣ್ಣನವರು ಬಸ್ಸು ಎಷ್ಟೊತ್ತಿಗೆ ಎಂದು ತಿಳಿಯಲು ಗುಂಡಿ ಒತ್ತಿ, "ಇದು ಅದಕ್ಕಲ್ಲ, ಕೈ ತೆಗೀರಿ" ಎಂದು ಚೆನ್ನಾಗಿ ಬೈಸಿಕೊಂಡಿದ್ದಾರೆ. ಬೈಗುಳ ತಪ್ಪದೆ ಅವರಿಗೇ ಮುಟ್ಟಿದೆ.

ಈಗ ಎಲ್ಲಿದ್ದೇವೆ ಎಂದರೆ, ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ನಿಲ್ದಾಣದ ಎದುರಿನ ಅದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾನೆ. ನಿಮ್ಮ "ಅನಗತ್ಯ ಕರೆ" ಎಂಬ ಷರಾ ಅವನ ವಕೀಲರ ಕೈ ಸೇರಿದೆ. ಗಂಗೋತ್ರಿ ಮನೆಯಲ್ಲಿದ್ದಾಳೆ. ಬೆರಳುಗಳು ಸ್ವಲ್ಪ ಮಡಚುತ್ತಿವೆ. ಕತ್ತರಿ ಕಷ್ಟ, ಮಷಿನ್ ತುಳಿಯಬಹುದು ಎಂದು ಅಂಗಡಿಯವರು ಕರೆಯುತ್ತಿದ್ದಾರೆ. ಬರುವುದಿಲ್ಲ ಎನ್ನುತ್ತಾಳೆ. ಪಕ್ಕದಲ್ಲಿ ಕೂತು ಸಮಾಧಾನ ಹೇಳುವುದನ್ನು ನಾನು ನಿಲ್ಲಿಸಿದ್ದೇನೆ. ಏನು ಬೇಕು ಎಂದು ಮಾತ್ರ ಕೇಳಿದೆ.

"ಆ ಡಬ್ಬ ನನ್ನ ಮುಂದೆ ಮಾತಾಡ್ಲಿ ಅಕ್ಕ," ಎಂದಳು. "ಗಂಗೋತ್ರಿ, ನಿನ್ನ ಮಾತು ಕೇಳಿಸ್ತು ಅಂತ ನ್ಯಾಮತಿನಾಗೆ ಅನ್ಲಿ. ಅವತ್ತಿಂದ ಅಂಗಡಿಗೆ ಬರ್ತೀನಿ."

ಇದಕ್ಕಿಂತ ಸಣ್ಣ ಬೇಡಿಕೆಯನ್ನು ನಾನು ಯಾವ ಹೋರಾಟದಲ್ಲೂ ಹೊತ್ತು ತಂದಿಲ್ಲ. ಪಟ್ಟಿಯಲ್ಲಿ ನ್ಯಾಮತಿಯ ಹೆಸರು ಸೇರಿಸಿ, ಕಂಬಕ್ಕೆ ಅದರ ಊರಿನ ಹೆಸರು ಕೊಡಿ. "ಅನಗತ್ಯ" ಎಂಬ ಷರಾ ಹೊಡೆದುಹಾಕಿ, ಸ್ಥಳ ನ್ಯಾಮತಿ ಎಂದು ತಿದ್ದಿ, ನಿಮ್ಮ ಸಹಿಯೊಂದಿಗೆ ನ್ಯಾಯಾಲಯಕ್ಕೆ ಕಳಿಸಿ. ಅವಳ ಕೂಗು ನಿಮ್ಮ ಕೊಠಡಿಯಲ್ಲಿ ಹೊನ್ನಾಳಿಯ ಹೆಸರಿನಲ್ಲಿ ಧ್ವನಿಮುದ್ರಣವಾಗಿ ಕೂತಿದೆ, ಅದನ್ನೂ ಕಳಿಸಿ. ಅಲ್ಲಿಯವರೆಗೆ ಆ ಹಳದಿ ಚೀಟಿಯನ್ನು ಕಿತ್ತುಹಾಕಿ. ಉತ್ತರ ಬರದ ಕಡೆ ನಿಲ್ಲಿ ಎಂದು ಯಾರಿಗೂ ಹೇಳಬೇಡಿ. ಓಡಲಿ.

ಸಮಿತಿಯ ಮುಂದಿನ ಸಭೆ ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಎಂದು ತಿಳಿಸಿದ್ದೀರಿ. ನಾವು ಬರುವುದಿಲ್ಲ. ಸಭೆ ಕಂಬದ ಕೆಳಗೆ ನಡೆಯುತ್ತದೆ. ಚನ್ನಗಿರಿಯಲ್ಲಿ ನಮ್ಮವರು ನಿಂತಿರುತ್ತಾರೆ, ಜಗಳೂರಿನಲ್ಲಿ ರಂಗಣ್ಣನವರು, ಹೊನ್ನಾಳಿಯಲ್ಲಿ ಮೂಕಮ್ಮ. ಈ ಸಲ ಕೈ ಆಡಿಸುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ನಿಮ್ಮ ಉತ್ತರ ಯಾವ ಊರಿನಲ್ಲಿ ಬಿದ್ದರೂ ಕೇಳಿಸಿಕೊಳ್ಳಲು ಜನ ಇರುತ್ತಾರೆ. ನ್ಯಾಮತಿಯಲ್ಲಿ ಗಂಗೋತ್ರಿ ಇರುತ್ತಾಳೆ. ಅವನು ಎದುರಿನ ಹೋಟೆಲಿನಲ್ಲಿ ಇದ್ದರೂ ಇರಬಹುದು. ಎಡಗೈಯಲ್ಲಿ ಒತ್ತುತ್ತೇನೆ ಎಂದಿದ್ದಾಳೆ. ಬರುವ ಸೋಮವಾರ, ಸಂಜೆ ಐದೂವರೆಗೆ.

ಇಂತಿ,
ತಮ್ಮ ಪಟ್ಟಿಯ ಪ್ರಕಾರ ಹೊನ್ನಾಳಿ ಎರಡರ ನಿವಾಸಿ,
ರುದ್ರಾಣಿ
ನ್ಯಾಮತಿ