ಬಿಚ್ಚಿ ನೋಡಿದ ಮೂಲೆ

ಆನವಟ್ಟಿ
14-7-2024

ಪ್ರೀತಿಯ ಗುರುಪ್ರಕಾಶ್ ಅವರಿಗೆ,

ನಿಮ್ಮ ಗಂಗಾಶ್ರೀಯ ನಮಸ್ಕಾರ. ನಾನೂ ಅತ್ತೆಯೂ ಕ್ಷೇಮ. ಅವರ ಮಂಡಿನೋವು ಮಾತ್ರ ಇದ್ದಲ್ಲೇ ಇದೆ. ಬರೆಯುವುದು ತಡವಾಯಿತು, ಬೇಸರಿಸಬೇಡಿ. ಫೋನಿನಲ್ಲಿ ಕೇಳಿದರೆ ನಗಿಸಿ ಜಾರಿಕೊಳ್ಳುತ್ತೀರಿ, ಅದಕ್ಕೇ ಈ ಪತ್ರ.

ಶಿಕಾರಿಪುರದಿಂದ ಕಂಡಕ್ಟರ್ ರಾಜು ಕೈಯಲ್ಲಿ ನೀವು ಕಳಿಸುವ ಮರಗೆಲಸದ ಅಭ್ಯಾಸದ ತುಂಡುಗಳೆಲ್ಲ ತಲುಪಿವೆ. ಮೊಳೆಯಿಲ್ಲದೆ, ಪಾರಿವಾಳದ ಬಾಲದಂಥ ಹಲ್ಲು ಕೊರೆದು ಎರಡು ಹಲಗೆ ಕೂರಿಸುವುದು ಸುಲಭವಲ್ಲ. ಬಡಗಿಯ ಮಗಳಿಗೆ ಗೊತ್ತು. ಮೊದಲಿನ ಮೂಲೆಗಳ ಸಂದಿಯಲ್ಲಿ ಇರುವೆಗಳು ಸಂಸಾರ ಹೂಡಬಹುದಿತ್ತು. ಗೀಟಿನ ಮೇಲೆಯೇ ಗರಗಸ ಎಳೆದಿದ್ದಿರಿ. ಆಮೇಲೆ ಗೀಟು ಉಳಿಸಿ ಕೊಯ್ಯಲು ಕಲಿತಿರಿ, ಸಂದಿ ಕಿರಿದಾಯಿತು. ಅಲ್ಲಿಯವರೆಗೆ ನಂಬಿದೆ. ಆದರೆ ಹೋದ ವಾರದ್ದರಲ್ಲಿ ಕೂದಲೂ ತೂರದು. ಕೈ ಅಷ್ಟು ಬೇಗ ಪಳಗುವುದಿಲ್ಲ. ಯಾರಿಂದಲೋ ಕೊರೆಸಿ ನಿಮ್ಮದೆನ್ನುತ್ತಿದ್ದೀರಿ ಅನಿಸಿತು. ಕೇಳಿದರೆ, "ಏ, ನಂದೇ ಕಣೇ. ಊಟ ಆಯ್ತಾ?" ಅಂದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅತ್ತೆ, "ದಿನಾ ಕೊಯ್ದ್ರೆ ಕೈ ಕೂರ್ತೈತೆ ಬಿಡವ್ವ. ಎಲ್ಲಾದಕ್ಕೂ ನಿಂದೊಂದು ಅನುಮಾನ" ಎಂದರು. ನಾನು ಕೊಡತಿಯಿಂದ ತಟ್ಟಿ ಮೂಲೆಯನ್ನೇ ಬಿಚ್ಚಿದೆ.

ಒಂದು ಹಲಗೆಯಲ್ಲಿ ನಿಮ್ಮ ಪೆನ್ಸಿಲ್ ಗೀಟು. ಇನ್ನೊಂದರಲ್ಲಿ ಚಾಕುವಿನ ಗೀರು. ಹೊಡೆದು ಕೂರಿಸುವಾಗ ಮರ ಸೀಳದಿರಲೆಂದು ಅದರ ಹಲ್ಲುಗಳ ಒಳಅಂಚನ್ನು ಉಳಿಯಿಂದ ಎಳೆಯಷ್ಟು ಕೆರೆದಿದೆ. ಕೂರಿಸಿದ ಮೇಲೆ ಅದು ಕಾಣುವುದಿಲ್ಲ. ಹಾಗೆ ಕೆರೆಯುವವರು ನಾನು ಕಂಡಂತೆ ಒಬ್ಬರೇ. ನಿಮ್ಮನ್ನು ಮದುವೆಯಾದ ದಿನದಿಂದ ನನ್ನೊಡನೆ ಮಾತು ಬಿಟ್ಟು ಅದೇ ಶಿಕಾರಿಪುರದಲ್ಲಿರುವ ನನ್ನ ಅಪ್ಪ.

ಅವರ ಬಳಿ ಯಾವಾಗಿನಿಂದ ಹೋಗುತ್ತಿದ್ದೀರಿ? ನನ್ನ ಹೆಸರು ಎತ್ತುತ್ತಾರೆಯೇ, ಇಲ್ಲ ಎತ್ತಕೂಡದೆಂದು ನಿಮ್ಮಿಂದ ಮಾತು ತೆಗೆದುಕೊಂಡಿದ್ದಾರೆಯೇ? ಇಬ್ಬರೂ ಸೇರಿ ನನ್ನಿಂದ ಮುಚ್ಚಿಟ್ಟಿರೆಂದು ಸಿಟ್ಟಿದೆ. ನಿಮ್ಮನ್ನು ಒಳಗೆ ಬಿಟ್ಟುಕೊಂಡರಲ್ಲ ಎಂದು ಸಂತೋಷವೂ ಇದೆ. ಉಳಿ ಹಿಡಿಯುವಾಗ ಜೋಪಾನ. ತೊಗರ್ಸಿ ಮಲ್ಲಿಕಾರ್ಜುನ ನಿಮ್ಮಿಬ್ಬರ ಕೈಯನ್ನೂ ಕಾಯಲಿ.

ನಿಮ್ಮ
ಗಂಗಾಶ್ರೀ

ತಾ.ಕ.: ಮೊನ್ನೆ ಬಂದ ತುಂಡಿನಲ್ಲಿ ಮತ್ತೆ ಸಂದಿ ಕಂಡಿತು. ನೀವು ಎಡವಿದಿರೆಂದುಕೊಂಡು ಈಗ ಅದನ್ನೂ ಬಿಚ್ಚಿದೆ. ನಿಮ್ಮ ಹಲಗೆ ನೇರವಾಗಿದೆ. ಗರಗಸ ಅತ್ತಿತ್ತ ಹೊರಳಿರುವುದು ಅಪ್ಪನ ಹಲಗೆಯಲ್ಲಿ. ಅವರ ಕೈ ಯಾವಾಗಿನಿಂದ ನಡುಗುತ್ತಿದೆ? ನನಗೆ ತಿಳಿಯಬಾರದೆಂದು ಮುಚ್ಚಿಟ್ಟದ್ದು ಇದನ್ನೇ ತಾನೇ?