ಶನಿವಾರ ಆ ಶೂ ಹಾಕಬೇಡ

ಅಂಗಡಿಯಿಂದ,
ಗುರುವಾರ, ಬೆಳಿಗ್ಗೆ ಎಂಟೂವರೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಮೂಗು ಸೋರುತ್ತಿದೆ ಎಂದು ಬರೆದಿದ್ದೆಯಲ್ಲ, ನಿಂತಿತೇ? ಒದ್ದೆ ಸಾಕ್ಸ್ ಹಾಕಿಕೊಂಡು ಮಲಗಬೇಡ. ಕಾಲ್ಬೆರಳ ಸಂದಿಯನ್ನು ಒಣಬಟ್ಟೆಯಲ್ಲಿ ಒರೆಸಿಕೋ. ಕೈಬೆರಳು ಜೋಮು ಹಿಡಿದರೆ ಸೀದಾ ಬೆಂಕಿಗೆ ಹಿಡಿಯಬೇಡ, ಕಂಕುಳಲ್ಲಿ ಇಟ್ಟುಕೋ. ಇದನ್ನೆಲ್ಲ ನಿನಗೆ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ, ಆದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಇಲ್ಲಿ ನಿಮ್ಮಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಎರಡು ಪಾಳಿ ದುಡಿದು ಬಂದರೂ ನಿನ್ನ ಓಟದ ಪದಕಗಳನ್ನು ಒಂದೊಂದಾಗಿ ಒರೆಸಿಡಲು ಅವಳಿಗೆ ತ್ರಾಣ ಇರುತ್ತದೆ. ನನ್ನ ಕೆಮ್ಮು ಇದ್ದ ಹಾಗೇ ಇದೆ. ಮೂವತ್ತು ವರ್ಷ ಅಂಟಿನ ವಾಸನೆ ಕುಡಿದ ಎದೆ, ಇನ್ನು ಹಾಡು ಹೇಳುತ್ತದೆಯೇ?

ಸಾಮಾನಿನ ವ್ಯಾನಿನ ಡ್ರೈವರ್ ಹತ್ತು ಗಂಟೆಗೆ ಅಂಗಡಿ ಮುಂದೆ ನಿಲ್ಲಿಸುತ್ತೇನೆ ಎಂದಿದ್ದಾನೆ. ನಿಮ್ಮ ಶಿಬಿರಕ್ಕೆ ಹಿಟ್ಟು, ಸೀಮೆಎಣ್ಣೆ, ಹಾಲಿನ ಪುಡಿ ಸಾಗಿಸುವವನು ಅವನೊಬ್ಬನೇ. ಇವತ್ತು ಹೊರಟರೆ ನಾಳೆ ಮಧ್ಯಾಹ್ನ ರಸ್ತೆ ಮುಗಿಯುವ ಜಾಗ ಮುಟ್ಟುತ್ತಾನೆ. ಅಲ್ಲಿಂದ ಹೊರೆಯಾಳುಗಳು ಹಿಮದಲ್ಲಿ ಮೂರು ಗಂಟೆ ನಡೆದು ಸಂಜೆಯ ಹೊತ್ತಿಗೆ ನಿಮ್ಮಲ್ಲಿಗೆ ಬರುತ್ತಾರೆ. ನಿನ್ನ ಸ್ಕೀ ಪಂದ್ಯ ಶನಿವಾರ ಬೆಳಿಗ್ಗೆ. ಅದಕ್ಕೇ ಸುತ್ತಿಬಳಸದೆ ಮೊದಲೇ ಹೇಳಿಬಿಡುತ್ತೇನೆ: ನಾನು ಅಟ್ಟೆ ಹಾಕಿಕೊಟ್ಟ ಕಂದು ಬಣ್ಣದ ಸ್ಕೀ ಶೂಗಳನ್ನು ಶನಿವಾರ ಹಾಕಬೇಡ. ಅಭ್ಯಾಸಕ್ಕೆ ಹಾಕುತ್ತಿರುವ ಬಾಡಿಗೆ ಶೂಗಳಲ್ಲೇ ಇಳಿ. ನಿನ್ನೆಯಿಂದ ಫೋನು ಮಾಡಿ ಮಾಡಿ ಸಾಕಾಯಿತು; ನೀನು ವ್ಯಾಪ್ತಿ ಪ್ರದೇಶದ ಹೊರಗಿದ್ದೀಯ ಎಂದು ಆ ಹೆಂಗಸು ಹೇಳಿದ್ದನ್ನೇ ಹೇಳುತ್ತಾಳೆ. ನಾನೇ ಬರುತ್ತೇನೆ ಎಂದರೆ ಡ್ರೈವರ್ ಒಪ್ಪಲಿಲ್ಲ. ನನ್ನ ಕೆಮ್ಮು ಮುಗಿಯುವವರೆಗೂ ಕಾದು, “ನಿಮ್ಮನ್ನ ಹತ್ತಿಸ್ಕೊಂಡ್ ಹೋದ್ರೆ ಹಿಟ್ಟಿನ ಮೂಟೆ ಇಳಿಸಿ ನಿಮ್ಮನ್ನೇ ಹೊರ್ಬೇಕಾಗುತ್ತೆ ಯಜಮಾನ್ರೇ” ಅಂದ.

ನಿನ್ನೆ ಮಧ್ಯಾಹ್ನ ನಿನ್ನ ಕಾಗದ ತಂದುಕೊಟ್ಟವನೂ ಅವನೇ. ನಿಮ್ಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಮೂರು ಗಂಟೆ ಹತ್ತಿದ ಇಳಿಜಾರನ್ನು ಹನ್ನೆರಡು ನಿಮಿಷದಲ್ಲಿ ಇಳಿದುಬಿಟ್ಟೆ ಎಂದು ಬರೆದಿದ್ದೀಯ, ಅದನ್ನು ಓದಿದೆ. ಎಡಗಡೆಯ ಕಮರಿಯಲ್ಲಿ ಮೋಡ ತುಂಬಿಕೊಂಡಿರುವುದನ್ನು ನೋಡುತ್ತಾ ಬಿಸಿ ಸೂಪು ಕುಡಿದೆ ಎಂದು ಬರೆದಿದ್ದೀಯ, ಅದನ್ನೂ ಓದಿದೆ. ಕೊನೆಗೆ ಬಂತು ಆ ಸಾಲು. “ಅಪ್ಪ, ನೀನು ರೆಡಿ ಮಾಡ್ಕೊಟ್ಟ ಶೂ ಸವೀಬಾರ್ದು ಅಂತ ಒಂದ್ ದಿನಾನೂ ಹಾಕಿಲ್ಲ. ಪಂದ್ಯದ ದಿನಾನೇ ಹಾಕ್ಕೊಳ್ಳೋದು.” ನಿಮ್ಮಮ್ಮ ಅದೇ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಎಷ್ಟು ಪ್ರೀತಿ ನೋಡಿ ನಿಮ್ ಮೇಲೆ” ಎಂದಳು. ನಾನು ಅಂಗಡಿಗೆ ಬಂದು ಗಿರಾಕಿಯೊಬ್ಬರ ಎಡಗಾಲಿನ ಹಿಮ್ಮಡಿಯನ್ನು ಬಲಗಾಲಿನ ಶೂಗೆ ಬಡಿದು ಕೂತೆ.

ನಿನಗೆ ಗೊತ್ತಿರುವ ವಿಷಯವೇ, ಆದರೂ ಬರೆಯುತ್ತೇನೆ. ಆ ಶೂಗಳ ಅಟ್ಟೆ ಮುಂದಕ್ಕೆ ಬಾತುಕೋಳಿಯ ಕೊಕ್ಕಿನ ಹಾಗೆ ಚಾಚಿಕೊಂಡಿದೆಯಲ್ಲ, ಅದರಲ್ಲಿ ಮೂರು ತೂತು. ಸ್ಕೀ ಹಲಗೆಯ ಮೂರು ಮೊಳೆ ಆ ಮೂರು ತೂತಿನಲ್ಲಿ ಕೂತು, ಮೇಲಿನಿಂದ ಕೊಂಡಿ ಬೀಳುತ್ತದೆ. ಹಿಮ್ಮಡಿಗೆ ಯಾವ ಕಟ್ಟೂ ಇಲ್ಲ. ಅಂದರೆ ನೀನೂ ನಿನ್ನ ಹಲಗೆಯೂ ಕೂಡಿಕೊಂಡಿರುವುದು ಆ ಕೊಕ್ಕಿನಲ್ಲಿ ಮಾತ್ರ. ಅಲ್ಲಿ ಅಟ್ಟೆ ತೊಗಲಿನಿಂದ ಬಿಟ್ಟುಕೊಂಡರೆ ಹಲಗೆ ಒಂದು ದಾರಿ, ನೀನೊಂದು ದಾರಿ. ಬಯಲಿನಲ್ಲಾದರೆ ಕುಂಡೆ ಊರಿ ಬೀಳುತ್ತೀಯ, ಬಾಯಿಗೆ ಒಂದು ಹಿಡಿ ಹಿಮ ಹೋಗುತ್ತದೆ, ಜೊತೆಯವರು ನಗುತ್ತಾರೆ. ಎಡಗಡೆ ಕಮರಿ ಇರುವ ಕಡೆ ಬಿಟ್ಟುಕೊಂಡರೆ ಏನಾಗುತ್ತದೆ ಎಂದು ನಾನು ಬರೆಯುವುದಿಲ್ಲ.

ಆಗಿರುವುದೇನೆಂದರೆ, ಈ ಸಲ ಬಂದ ಅಂಟು ಸರಿಯಿಲ್ಲ. ಚಳಿಗೆ ಬಿರುಕು ಬಿಡುತ್ತದೆ. ಬೇರೆ ಇಬ್ಬರ ಶೂಗಳೂ ಹೀಗೇ ಆಗಿ ವಾಪಸು ಬಂದಿವೆ. ಡಬ್ಬ ತೆರೆದಾಗಲೇ ಬಣ್ಣ ನೋಡಿ ಅನುಮಾನ ಪಡಬೇಕಿತ್ತು, ಪಡಲಿಲ್ಲ. ‘ಅಂಟು ಹೋದ್ರೆ ಹೊಲಿಗೆ ಇರುತ್ತಲ್ಲಪ್ಪ’ ಅನ್ನುತ್ತೀಯ, ನನ್ನ ಮಗಳಲ್ಲವೇ, ಕೆಲಸ ನೋಡುತ್ತಲೇ ಬೆಳೆದವಳು. ಹೊಲಿಗೆಯೊಂದನ್ನೇ ನೆಚ್ಚಿಕೊಳ್ಳಬಾರದು. ದಾರವೂ ಅಷ್ಟಕ್ಕಷ್ಟೇ. ಒಟ್ಟಿನಲ್ಲಿ ಹಾಕಬೇಡ.

ನಿನಗೀಗ ನಗು ಬಂದಿರುತ್ತದೆ ಎಂದು ಗೊತ್ತು. ‘ಅಪ್ಪನ ಹೊಸ ನಾಟಕ’ ಅನ್ನುತ್ತಿರುತ್ತೀಯ. ತಪ್ಪು ನಿನ್ನದಲ್ಲ, ತೋಳ ಬಂತು ತೋಳ ಎಂದು ಕೂಗಿದವನು ನಾನೇ. ಎಂಟನೇ ಕ್ಲಾಸಿನಲ್ಲಿ ನಿನ್ನ ಮೊದಲ ಓಟದ ಪಂದ್ಯದ ದಿನ ಕಾಣೆಯಾದ ಒಂದು ಶೂ ಆಮೇಲೆ ಹಿಟ್ಟಿನ ಡಬ್ಬದಲ್ಲಿ ಸಿಕ್ಕಿತಲ್ಲ, ಅದನ್ನು ಇಟ್ಟದ್ದು ಬೆಕ್ಕಲ್ಲ. ನೀನು ಬರಿಗಾಲಲ್ಲಿ ಓಡಿ ಎರಡನೆಯವಳಾಗಿ ಬಂದೆ, ನಾನು ನಿನ್ನ ಅಂಗಾಲಿನ ಗಾಯಕ್ಕೆ ಔಷಧಿ ಹಚ್ಚುತ್ತಾ ಬೆಕ್ಕನ್ನು ಬೈದೆ. ಗೆಳತಿಯರ ಜೊತೆ ಮೊದಲ ಸಲ ಬೆಟ್ಟ ಹತ್ತಲು ಹೊರಟ ದಿನ ನನಗೆ ಎದೆನೋವು ಬಂತು. ಡಾಕ್ಟರು ಗ್ಯಾಸು ಎಂದರು; ಅದೂ ಇರಲಿಲ್ಲ, ನಿಜ ಹೇಳಬೇಕೆಂದರೆ ಹಸಿವೂ ಆಗಿತ್ತು. ಅರ್ಧ ಮ್ಯಾರಥಾನ್‌ಗೆ ಹೆಸರು ಕೊಟ್ಟಾಗ ದೂರದ ನೆಂಟರೊಬ್ಬರನ್ನು ಸಾಯಿಸಿದೆ. ಅವರು ಮುಂದಿನ ತಿಂಗಳು ಸೈಕಲ್ಲಿನಲ್ಲಿ ಮನೆಗೇ ಬಂದರು, ನೀನು ಅವರ ಮುಂದೆ ಕಾಫಿ ಇಟ್ಟು ನನ್ನ ಮುಖವನ್ನೇ ನೋಡಿದೆ. ಆವತ್ತಿನಿಂದ ನೀನು ನನ್ನನ್ನು ಏನೂ ಕೇಳದೆ, ಹೇಳಿ ಹೊರಡುವುದನ್ನು ಕಲಿತೆ. ಒಬ್ಬಳೇ ಮಗಳು, ಅವಳ ಕಾಲಿಗೆ ಚಕ್ರ, ಅಪ್ಪನಿಗೆ ಹಗ್ಗ ಕಂಡರೂ ಹಾವು. ನಿಮ್ಮಮ್ಮ ನಮ್ಮಿಬ್ಬರನ್ನೂ ಹೇಗೆ ಸಹಿಸಿಕೊಂಡಳೋ.

ನಿನಗೆ ಓಡುವುದು, ಹತ್ತುವುದು, ಜಾರುವುದು ಎಂದರೆ ಏನು ಎಂಬುದು ನನಗೆ ತಿಳಿಯದ್ದೇನಲ್ಲ. ಒಂದು ಸಲ ನಿನಗೆ ಕಾಣದ ಹಾಗೆ ಓಟದ ದಾರಿಯಲ್ಲಿ ಬೇಲಿಯ ಹಿಂದೆ ನಿಂತಿದ್ದೆ. ಹದಿನೆಂಟನೇ ಕಿಲೋಮೀಟರ್ ಕಲ್ಲಿನ ಹತ್ತಿರ ನೀನು ಬಂದೆ. ಕೂದಲು ಹಣೆಗೆ ಅಂಟಿತ್ತು, ಬಾಯಿ ತೆರೆದಿತ್ತು, ಯಾರೂ ಪಕ್ಕದಲ್ಲಿ ಇಲ್ಲದಿದ್ದರೂ ನಗುತ್ತಿದ್ದೆ. ಮನೆಯಲ್ಲಿ ಆ ನಗು ನಾನು ಕಂಡಿಲ್ಲ. ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀಯಾ? ಸಂತೋಷವೂ ಆಯಿತು. ಮನೆಗೆ ಬಂದು ಏನೂ ಗೊತ್ತಿಲ್ಲದವನ ಹಾಗೆ ‘ಹೇಗಾಯ್ತು ಓಟ’ ಎಂದು ಕೇಳಿದೆ.

ಈ ಸಲ ಭಯ ಹೆಚ್ಚಿದ್ದಕ್ಕೆ ಕಾರಣವಿದೆ, ಹೇಳಿರಲಿಲ್ಲ. ನಿನ್ನ ಶೂಗಳನ್ನು ಕೆಲಸಕ್ಕೆ ತೆಗೆದುಕೊಂಡ ವಾರವೇ ಇಲ್ಲಿನ ಗಣಿತದ ಮೇಷ್ಟರು ಅಂಗಡಿಗೆ ಬಂದರು. ಪತ್ರಿಕೆಯಲ್ಲಿ ಸುತ್ತಿದ್ದನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಒಂದೇ ಒಂದು ಸ್ಕೀ ಶೂ, ಬಲಗಾಲಿನದು. ಅವರ ತಮ್ಮನದಂತೆ. ಇನ್ನೊಂದು ಎಲ್ಲಿ ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆ. “ಅದು ಸಿಗ್ಲಿಲ್ಲ. ರಿಪೇರಿ ಏನೂ ಬೇಡ, ಪಾಲಿಶ್ ಮಾಡ್ಕೊಡಿ ಸಾಕು, ನಮ್ಮಮ್ಮ ಇಟ್ಕೊಳ್ತಾರಂತೆ” ಅಂದರು. ನಾನು ಆ ಶೂಗೆ ಮೂರು ಸಲ ಪಾಲಿಶ್ ಹಾಕಿದೆ. ಲೇಸು ತೊಳೆದು ಒಣಗಿಸಿ ಕಟ್ಟಿದೆ. ಪಕ್ಕದಲ್ಲೇ ನಿನ್ನ ಶೂಗಳು ಅಟ್ಟೆಯಿಲ್ಲದೆ ಬಾಯಿ ಬಿಟ್ಟುಕೊಂಡು ಕೂತಿದ್ದವು. ಅವರು ಕೆಲಸ ನೋಡಿ ಚೆನ್ನಾಗಿದೆ ಎಂದು ನನ್ನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ಆಮೇಲೆ ನಾನು ನಾನಾಗಿ ಉಳಿಯಲಿಲ್ಲ, ಪುಟ್ಟೀ.

ಹತ್ತಾಗುತ್ತಾ ಬಂತು. ಬಾಡಿಗೆ ಶೂಗಳು ಅರ್ಧ ಸೈಜು ದೊಡ್ಡವು ಎಂದು ಬರೆದಿದ್ದೀಯ. ಎರಡು ಜೊತೆ ಸಾಕ್ಸ್ ಹಾಕು, ಲೇಸನ್ನು ಪಾದದ ಮೇಲೆ ಸಡಿಲ, ಕಣಕಾಲಿನ ಹತ್ತಿರ ಬಿಗಿ ಕಟ್ಟು, ಹಿಮ್ಮಡಿ ಏಳುವುದಿಲ್ಲ. ನಿಮ್ಮಮ್ಮ ಹೆಣೆದ ಕಿವಿಮುಚ್ಚುವ ಟೋಪಿ ಕಳಿಸಿದ್ದೇನೆ. ಬಣ್ಣ ನೋಡಿ ಮುಖ ಸಿಂಡರಿಸಬೇಡ, ಉಳಿದ ನೂಲೆಲ್ಲ ಸೇರಿಸಿ ಹೆಣೆದಿದ್ದಾಳೆ. ನೂರು ವರ್ಷ ಸುಖವಾಗಿ ಬಾಳು, ನಿನ್ನ ಮೊಣಕಾಲು ನನಗಿಂತ ಹೆಚ್ಚು ಕಾಲ ಗಟ್ಟಿಯಾಗಿರಲಿ. ನಿನ್ನ ಜೊತೆಗಿರುವ ಹುಡುಗಿಯರಿಗೆಲ್ಲ ನನ್ನ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಅಪ್ಪ

ಮರೆತಿದ್ದು: ವ್ಯಾನು ಬಂದು ನಿಂತಿದೆ. ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಅಂಟಿನ ಮಾತು ಸುಳ್ಳು. ಅಂಟು ಚೆನ್ನಾಗಿಯೇ ಇದೆ, ಯಾರ ಶೂವೂ ವಾಪಸು ಬಂದಿಲ್ಲ. ಆ ಸುಳ್ಳನ್ನೇ ಕಳಿಸಿದರೆ ನೀನು ನಂಬುವುದಿಲ್ಲ, ನಕ್ಕು ಮಡಚಿಟ್ಟು ಆ ಶೂಗಳನ್ನೇ ಹಾಕಿಕೊಳ್ಳುತ್ತೀಯ. ಮೇಷ್ಟರು ಹೋದ ಮೇಲೆ ನಿನ್ನ ಶೂಗಳಿಗೆ ಅಟ್ಟೆ ಹಾಕುವಾಗ ಬಲಗಾಲಿನ ಶೂವಿನ ಕೊಕ್ಕಿಗೆ ಅಂಟು ಹಚ್ಚದೆ ಹೊಲಿದು, ಆ ಹೊಲಿಗೆಯನ್ನು ನಾನೇ ಕೈಯಾರೆ ಕತ್ತರಿಸಿದೆ. ಇಪ್ಪತ್ತೆರಡು ಹೊಲಿಗೆಯಲ್ಲಿ ನಾಲ್ಕು ಮಾತ್ರ ಉಳಿಸಿ, ಅಂಚಿಗೆ ಕಪ್ಪು ಮೇಣ ತೀಡಿ ಮುಚ್ಚಿದೆ. ಅಭ್ಯಾಸದ ಮೊದಲ ದಿನವೇ ಬಯಲಿನಲ್ಲಿ ಕಿತ್ತುಬರುತ್ತದೆ, ನೀನು ಒಂದು ಸಲ ಬೀಳುತ್ತೀಯ, ಸಿಟ್ಟು ಮಾಡಿಕೊಂಡು ಮನೆಗೆ ಬರುತ್ತೀಯ, ಅಷ್ಟೇ ಎಂದು ಲೆಕ್ಕ ಹಾಕಿದ್ದೆ. ನನ್ನ ಮೇಲಿನ ಪ್ರೀತಿಗೆ ನೀನು ಅವನ್ನು ಎತ್ತಿಡುತ್ತೀಯ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅನುಮಾನವಿದ್ದರೆ ಮೇಣವನ್ನು ಉಗುರಿನಲ್ಲಿ ಕೆರೆದು ನೋಡು, ಕತ್ತರಿಸಿದ ದಾರದ ತುದಿಗಳು ಕಾಣುತ್ತವೆ. ನೋಡಿದ ಮೇಲೆ ಒಲೆಗೆ ಹಾಕು, ಬೇರೆ ಯಾರೂ ಹಾಕಿಕೊಳ್ಳಬಾರದು. ನಿಮ್ಮಮ್ಮನಿಗೆ ಇವತ್ತು ಸಂಜೆ ನಾನೇ ಹೇಳುತ್ತೇನೆ. ಪಂದ್ಯ ಮಾತ್ರ ಬಿಡಬೇಡ. ಬಾಡಿಗೆ ಶೂಗಳಲ್ಲೇ ಇಳಿ, ನೀನು ಬಿಟ್ಟುಬಂದರೆ ನಾನು ಮಾಡಿದ ಪಾಪ ಗೆದ್ದ ಹಾಗಾಗುತ್ತದೆ. ನನ್ನ ಜೊತೆ ಮಾತು ಬಿಟ್ಟರೂ ಬಿಡು, ಎರಡೂ ಕಾಲಲ್ಲಿ ನಡೆದುಕೊಂಡು ಬಂದು ಬಿಡು. ಲಕೋಟೆಯ ಮೇಲೂ ‘ಕಂದು ಶೂ ಹಾಕಬೇಡ, ಹೊಲಿಗೆ ಕತ್ತರಿಸಿದೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ, ಡ್ರೈವರ್ ಓದಲಿ, ಹೊರೆಯಾಳುಗಳು ಓದಲಿ, ಊರೇ ಓದಿಕೊಳ್ಳಲಿ. ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಹಿಮ ಬೀಳುತ್ತಿದ್ದರೆ ಹೊರೆಯಾಳುಗಳು ಹೊರಡುವುದು ಒಂದು ದಿನ ತಡವಾಗಬಹುದು ಎನ್ನುತ್ತಿದ್ದಾನೆ. ವ್ಯಾನು ಕೆಳಗೆ ಬರುವುದು ಭಾನುವಾರ ಮಧ್ಯಾಹ್ನ, ಅಲ್ಲಿಯವರೆಗೆ ಇದು ನಿನ್ನ ಕೈ ಸೇರಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ, ಮಗಳೇ.